ಮೂರು ಮಳೆಗಾಲ ದಾಟಬೇಕಾದ ಲ್ಯಾಪ್‌ಟಾಪ್

ಪದವಿಗೆ ಸೇರುವ ಮಕ್ಕಳಿಗೆ ಲ್ಯಾಪ್‌ಟಾಪ್ ಕೊಡಿಸುವುದು ಬ್ರಹ್ಮಾವರ, ಕುಂದಾಪುರ, ಬೈಂದೂರು ತಾಲೂಕುಗಳಲ್ಲಿ ಈಗ ಫೀಸು, ಪುಸ್ತಕ, ಬಸ್ ಪಾಸಿನ ಸಾಲಿಗೆ ಸೇರಿದ ಖರ್ಚು. ಬ್ರಹ್ಮಾವರದ ಕ್ರಾಸ್‌ಲ್ಯಾಂಡ್ ಮತ್ತು ಎಸ್.ಎಂ.ಎಸ್. ಕಾಲೇಜು, ಕುಂದಾಪುರದ ಭಂಡಾರ್‌ಕಾರ್ಸ್ ಕಾಲೇಜು, ಬಾರ್ಕೂರು, ಕೋಟೇಶ್ವರ, ಶಂಕರನಾರಾಯಣ, ಬೈಂದೂರಿನ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳು, ಮೂಡ್ಲಕಟ್ಟೆಯ ಎಂಜಿನಿಯರಿಂಗ್ ಕಾಲೇಜು, ಎಲ್ಲಿಗೆ ಸೇರಿದರೂ ಬೇಗನೆ ಯಂತ್ರದ ಅಗತ್ಯ ಬೀಳುತ್ತದೆ. ಅಂಗಡಿಗಳು ಬಜೆಟ್ ಲ್ಯಾಪ್‌ಟಾಪ್ ಎಂದು ಕರೆಯುವುದು ಹೆಚ್ಚುಕಡಿಮೆ 50 ಸಾವಿರ ರೂಪಾಯಿಯ ಒಳಗಿನವನ್ನು. ಹೆಚ್ಚಿನ ಮನೆಗಳ ಹುಡುಕಾಟವೂ ಆ ಮಿತಿಯೊಳಗೇ ನಡೆಯುತ್ತದೆ.

ರಾಜ್ಯದಲ್ಲಿ 2024–25ರಿಂದ ಪದವಿ ಮತ್ತೆ ಮೂರು ವರ್ಷದ್ದಾಗಿದೆ. ಎಂಜಿನಿಯರಿಂಗ್ ನಾಲ್ಕು ವರ್ಷದ್ದು. ಹಾಗಾಗಿ ಕೊಂಡ ಯಂತ್ರ ಕನಿಷ್ಠ ಮೂರು ಮಳೆಗಾಲ ದಾಟಬೇಕು. ಅದು ನಂಬಿಕೆಗೆ ಅರ್ಹವೇ ಎಂಬುದಕ್ಕೆ ಈ ಕರಾವಳಿಯಲ್ಲಿ ಇದೇ ಸರಿಯಾದ ಅಳತೆ. ಈ ಅಳತೆ ಹಿಡಿದು ನೋಡಿದರೆ ಸದ್ಯದ ಖರೀದಿ ಕ್ರಮದಲ್ಲಿ ಮೂರು ಕೊರತೆಗಳು ಕಾಣುತ್ತವೆ: ಪ್ರೊಸೆಸರ್‌ನ ಹೆಸರಿಗೆ ಅತಿಯಾದ ಬೆಲೆ, ಮೆಮೊರಿ ಮತ್ತು ರಿಪೇರಿಯ ಸೌಲಭ್ಯಕ್ಕೆ ಅರೆ ಗಮನ, ಊರಿನ ಹವೆ ಮತ್ತು ಕರೆಂಟಿನ ಬಗ್ಗೆ ಪೂರ್ತಿ ಮರೆವು.

ಅಗ್ಗದ ಯಂತ್ರಗಳ ಹಿಂದಿನ ಪಾಠ

ಕಡಿಮೆ ಬೆಲೆಯ ಕಂಪ್ಯೂಟರನ್ನು ಜನರ ಕೈಗೆ ಕೊಡುವ ಪ್ರಯತ್ನ ಕರ್ನಾಟಕಕ್ಕೆ ಹೊಸತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಂಸ್ಥೆಯವರು ಸೇರಿ ರೂಪಿಸಿದ ಸಿಂಪ್ಯೂಟರ್ 2004ರಲ್ಲಿ ಮಾರುಕಟ್ಟೆಗೆ ಬಂತು. ವಿನ್ಯಾಸಕ್ಕೆ ಜಗತ್ತಿನಲ್ಲೆಲ್ಲ ಮೆಚ್ಚುಗೆ ಸಿಕ್ಕಿದರೂ ಮಾರಾಟವಾದದ್ದು ಕೆಲವೇ ಸಾವಿರ. 2011ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ವಿದ್ಯಾರ್ಥಿಗಳಿಗೆಂದು ಬಿಡುಗಡೆ ಮಾಡಿದ ಆಕಾಶ್ ಟ್ಯಾಬ್ಲೆಟ್ ಬೆಲೆಯಿಂದಲೇ ಹೆಸರಾಯಿತು. ಆದರೆ 256 ಎಂಬಿ ಮೆಮೊರಿ, ಗಟ್ಟಿಯಾಗಿ ಒತ್ತಿದರಷ್ಟೇ ಸ್ಪಂದಿಸುವ ಪರದೆ ಇದ್ದ ಆ ಯಂತ್ರದಲ್ಲಿ ಪಾಠ ಓದುವುದೇ ಪ್ರಯಾಸವಾಗಿತ್ತು. ಬೆಲೆಯನ್ನು ಮೊದಲು ಗೊತ್ತುಮಾಡಿ, ಕೆಲಸವನ್ನು ಅದರೊಳಗೆ ತುರುಕಲು ಹೋದದ್ದು ಅದರ ಮೂಲ ದೋಷ.

2023ರಲ್ಲಿ 16,499 ರೂಪಾಯಿಗೆ ಬಂದ ಜಿಯೋಬುಕ್ಕನ್ನು ಇದೇ ಸಾಲಿನಲ್ಲಿಟ್ಟು ನೋಡಬಹುದು. ಒಂದು ಕಿಲೊಗಿಂತ ಕಡಿಮೆ ತೂಕ, ಒಳಗೇ 4ಜಿ ಸಿಮ್ ಹಾಕುವ ಅನುಕೂಲ, ದಿನವಿಡೀ ಬರುವಂಥ ಬ್ಯಾಟರಿ ಅದರ ಗುಣಗಳು. ಆದರೆ 11.6 ಇಂಚಿನ ಪರದೆ, 4 ಜಿಬಿ ಮೆಮೊರಿ, 64 ಜಿಬಿ ಸಂಗ್ರಹ, ಫೋನಿನಲ್ಲಿ ಬಳಸುವ ಜಾತಿಯ ಪ್ರೊಸೆಸರ್ ಮತ್ತು ವಿಂಡೋಸ್ ಅಲ್ಲದ ಕಾರ್ಯಾಚರಣೆ ವ್ಯವಸ್ಥೆ ಸೇರಿ ಅದನ್ನು ಕೀಬೋರ್ಡ್ ಇರುವ ದೊಡ್ಡ ಫೋನಿನ ಮಟ್ಟದಲ್ಲಿ ನಿಲ್ಲಿಸುತ್ತವೆ. ಹೈಸ್ಕೂಲು ಮಕ್ಕಳ ಆನ್‌ಲೈನ್ ಪಾಠಕ್ಕೆ, ವೀಡಿಯೊ ನೋಡುವುದಕ್ಕೆ ಅದು ಸಾಕು. ಬಿ.ಕಾಂ. ವಿದ್ಯಾರ್ಥಿಗೆ ಬೇಕಾದ ಟ್ಯಾಲಿ ಪ್ರೈಮ್ ಅದರಲ್ಲಿ ಓಡುವುದಿಲ್ಲ.

ಕ್ರೋಮ್‌ಬುಕ್‌ಗಳ ಬಗ್ಗೆಯೂ ಹೆಚ್ಚುಕಡಿಮೆ ಇದೇ ತೀರ್ಮಾನ. ಎಚ್‌ಪಿ ಕಂಪನಿ 2023ರ ಅಕ್ಟೋಬರಿನಿಂದ ಚೆನ್ನೈ ಬಳಿಯ ಕಾರ್ಖಾನೆಯಲ್ಲೇ ಇವನ್ನು ತಯಾರಿಸುತ್ತಿದೆ. 2021ರಿಂದ ಈಚಿನ ಮಾದರಿಗಳಿಗೆ ಹತ್ತು ವರ್ಷದ ಅಪ್‌ಡೇಟ್ ಕೊಡುವುದಾಗಿ ಗೂಗಲ್ ಹೇಳಿದೆ. ವೈರಸ್ ಕಾಟ ಕಡಿಮೆ, ನಿರ್ವಹಣೆ ಸುಲಭ. ಬ್ರೌಸರಿನಲ್ಲೇ ಎಲ್ಲ ಕೆಲಸ ಮುಗಿಯುವವರಿಗೆ ಒಳ್ಳೆಯ ಯಂತ್ರ. ನಮ್ಮ ವಿಶ್ವವಿದ್ಯಾನಿಲಯಗಳ ವಾಣಿಜ್ಯ ಮತ್ತು ಗಣಕ ಪಠ್ಯಗಳು ಮಾತ್ರ ಇನ್ನೂ ವಿಂಡೋಸನ್ನೇ ನೆಚ್ಚಿಕೊಂಡಿವೆ.

ರಾಜ್ಯ ಸರಕಾರವೂ 2020ರಲ್ಲಿ ಸರಕಾರಿ ಪದವಿ ಕಾಲೇಜುಗಳ ಮೊದಲ ವರ್ಷದ ಲಕ್ಷದಷ್ಟು ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ಹಂಚಿತು. ಬಡ ಮಕ್ಕಳ ಕೈಗೆ ಯಂತ್ರ ತಲುಪಿದ್ದು ದೊಡ್ಡ ಮಾತು. ಆದರೆ ಇಂಥ ಯೋಜನೆಗಳಲ್ಲಿ ಬಿ.ಎ. ಓದುವವರಿಗೂ ಬಿ.ಸಿ.ಎ. ಓದುವವರಿಗೂ ಒಂದೇ ಯಂತ್ರ. ಕೈಯಿಂದ ಹಣ ಹಾಕಿ ಕೊಳ್ಳುವವರಿಗೆ ಆ ಕಟ್ಟುಪಾಡಿಲ್ಲ. ಆದ್ದರಿಂದ ಆಯ್ಕೆ ಕೆಲಸದಿಂದ ಶುರುವಾಗಬೇಕು, ಬೆಲೆ ಆಮೇಲೆ ಬರಬೇಕು.

ಯಾವ ಓದಿಗೆ ಯಾವ ಯಂತ್ರ

ಬಿ.ಎ., ಬಿ.ಎಡ್. ವಿದ್ಯಾರ್ಥಿಗಳ ಕೆಲಸ ಬರವಣಿಗೆ, ಪಿಡಿಎಫ್ ಓದು, ಸ್ಲೈಡ್ ತಯಾರಿ, ಆನ್‌ಲೈನ್ ತರಗತಿ. ಮನೆಬಳಕೆಯ ಕೆಲಸಗಳೂ ಇದೇ ಮಟ್ಟದವು: ಯುಯುಸಿಎಂಎಸ್‌ನಲ್ಲಿ ಪರೀಕ್ಷಾ ಅರ್ಜಿ, ಎಸ್ಎಸ್‌ಪಿ ಪೋರ್ಟಲಿನಲ್ಲಿ ವಿದ್ಯಾರ್ಥಿವೇತನ, ಸೇವಾ ಸಿಂಧು, ಭೂಮಿ ತಾಣದಲ್ಲಿ ಜಾಗದ ಪಹಣಿ. ಇವೆಲ್ಲ ಬ್ರೌಸರಿನಲ್ಲಿ ತೆರೆದುಕೊಳ್ಳುತ್ತವೆ. ಈ ಕೆಲಸಕ್ಕೆ ಇಂಟೆಲ್ ಎನ್100 ಅಥವಾ ರೈಜನ್ 3 7320ಯು ಪ್ರೊಸೆಸರ್, 8 ಜಿಬಿ ಮೆಮೊರಿ ಸಾಕು.

ಬಿ.ಕಾಂ., ಬಿ.ಬಿ.ಎ. ಓದುವವರಿಗೆ ಟ್ಯಾಲಿ ಮತ್ತು ಎಕ್ಸೆಲ್ ಮುಖ್ಯ. ಟ್ಯಾಲಿ ಭಾರದ ತಂತ್ರಾಂಶವಲ್ಲ. ಕಲಿಕೆಗೆಂದು ಉಚಿತವಾಗಿ ತೆರೆಯುವ ವಿಧಾನವೂ ಅದರಲ್ಲಿದೆ. ಇವರು ಗಮನಿಸಬೇಕಾದದ್ದು ಕೀಬೋರ್ಡಿನ ಬಲಗಡೆಯ ಅಂಕಿಗಳ ಕಟ್ಟನ್ನು. 15.6 ಇಂಚಿನ ಹೆಚ್ಚಿನ ಮಾದರಿಗಳಲ್ಲಿ ಅದು ಇರುತ್ತದೆ, 14 ಇಂಚಿನವುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ದಿನವೂ ವೋಚರ್ ಎಂಟ್ರಿ ಮಾಡುವ ಕೈಗೆ ಆ ಕಟ್ಟು ವೇಗದ ಪ್ರೊಸೆಸರಿಗಿಂತ ಹೆಚ್ಚು ಸಮಯ ಉಳಿಸಿಕೊಡುತ್ತದೆ.

ಬಿ.ಸಿ.ಎ. ಮತ್ತು ಬಿ.ಎಸ್ಸಿ. ಗಣಕ ವಿಜ್ಞಾನದವರ ಸಿ, ಜಾವಾ, ಪೈಥಾನ್ ಪಾಠಗಳು ಸಾಧಾರಣ ಯಂತ್ರದಲ್ಲೂ ನಡೆಯುತ್ತವೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಆಂಡ್ರಾಯ್ಡ್ ಸ್ಟುಡಿಯೊ ಹಾಕಿದ ದಿನ ಯಂತ್ರದ ನಿಜವಾದ ಪರೀಕ್ಷೆ. 8 ಜಿಬಿಯಲ್ಲಿ ಅದು ತೆರೆದುಕೊಳ್ಳುತ್ತದೆ, ನೆಮ್ಮದಿಯಿಂದ ಓಡಬೇಕಾದರೆ 16 ಜಿಬಿ ಬೇಕು. ಎಂಜಿನಿಯರಿಂಗ್‌ನ ಆಟೋಕ್ಯಾಡ್‌ಗೂ ಇದೇ ಮಾತು. ಮೆಕ್ಯಾನಿಕಲ್, ಸಿವಿಲ್ ವಿಭಾಗದವರ ಮೂರು ಆಯಾಮದ ಭಾರೀ ವಿನ್ಯಾಸಗಳಿಗೆ ಬಜೆಟ್ ಲ್ಯಾಪ್‌ಟಾಪ್ ಸಾಲುವುದಿಲ್ಲ. ಅದನ್ನು ಕಾಲೇಜಿನ ಲ್ಯಾಬಿನಲ್ಲೇ ಮಾಡಿ ಮುಗಿಸುವುದು ಲೇಸು.

ಕನ್ನಡದ ಕೆಲಸಕ್ಕೆಂದು ಹೆಚ್ಚು ಬೆಲೆ ಕೊಡಬೇಕಾದ ಅಗತ್ಯ ಯಾವ ಯಂತ್ರದಲ್ಲೂ ಇಲ್ಲ. ಈ ಕರಾವಳಿಯವರೇ ಆದ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ ಕೀಬೋರ್ಡ್ ವಿನ್ಯಾಸ ನುಡಿ, ಬರಹ ತಂತ್ರಾಂಶಗಳ ಮೂಲಕ ರಾಜ್ಯದ ಎಲ್ಲೆಡೆ ಬಳಕೆಯಲ್ಲಿದೆ. ವಿಂಡೋಸ್‌ನಲ್ಲಿ ಯೂನಿಕೋಡ್ ಕನ್ನಡದ ಅಕ್ಷರಶೈಲಿ ಮತ್ತು ಕೀಬೋರ್ಡ್ ಮೊದಲೇ ಸೇರಿರುತ್ತವೆ.

ಸ್ಟಿಕ್ಕರ್ ಹೇಳುವುದು, ಹೇಳದಿರುವುದು

ಅಂಗಡಿಯ ಮಾತುಕತೆ ಬಹುಪಾಲು ಐ3, ಐ5 ಎಂಬ ಎರಡು ಹೆಸರುಗಳ ಸುತ್ತ ತಿರುಗುತ್ತದೆ. ಆ ಹೆಸರುಗಳು ಹೇಳುವುದು ಅರ್ಧ ಸತ್ಯ. 2020ರ ಐ3-1115ಜಿ4 ಚಿಪ್ಪಿನಲ್ಲಿ ಎರಡೇ ಕೋರ್. 2022ರ ಐ3-1215ಯುನಲ್ಲಿ ಆರು. ಎರಡರ ಸ್ಟಿಕ್ಕರಿನಲ್ಲೂ ಕಾಣುವುದು ಐ3 ಎಂದೇ. ಹಳೆಯ ತಲೆಮಾರಿನ ಐ5ಗಿಂತ ಹೊಸ ಐ3 ಎಷ್ಟೋ ಮೇಲು ಎಂಬುದನ್ನು ಪೆಟ್ಟಿಗೆಯ ಮೇಲಿನ ಪೂರ್ತಿ ಸಂಖ್ಯೆ ನೋಡಿದವರಷ್ಟೇ ತಿಳಿಯಬಲ್ಲರು.

ಎಎಂಡಿ ಕಂಪನಿಯ 7000 ಸಾಲಿನಲ್ಲಿ ಗೊಂದಲ ಇನ್ನೂ ಹೆಚ್ಚು. ಅಲ್ಲಿ ನಾಲ್ಕಂಕಿಯ ಸಂಖ್ಯೆಯ ಮೂರನೆಯ ಅಂಕಿ ಚಿಪ್ಪಿನ ತಲೆಮಾರನ್ನು ತಿಳಿಸುತ್ತದೆ. ರೈಜನ್ 5 7520ಯು ಎಂಬುದರ ಮೂರನೆಯ ಅಂಕಿ 2. ಅಂದರೆ ಅದು 2019ರಲ್ಲಿ ಮೊದಲು ಬಂದ ಝೆನ್ 2 ವಿನ್ಯಾಸದ, ನಾಲ್ಕು ಕೋರಿನ ಚಿಪ್. ರೈಜನ್ 5 7530ಯುನಲ್ಲಿ ಅದೇ ಜಾಗದಲ್ಲಿ 3 ಇದೆ; ಅದು ಝೆನ್ 3, ಆರು ಕೋರಿನದು. ಹೆಸರಿನಲ್ಲಿ ಒಂದೇ ಅಂಕಿಯ ವ್ಯತ್ಯಾಸ, ಕೆಲಸದಲ್ಲಿ ದೊಡ್ಡ ಅಂತರ. ಗ್ರಾಹಕರಿಗೆ ಅರ್ಥವಾಗದ ಹಾಗೆ ಹೆಸರಿಡುವ ಈ ಪದ್ಧತಿ ಇಂಟೆಲ್, ಎಎಂಡಿ ಎರಡೂ ಕಂಪನಿಗಳಲ್ಲಿದೆ. ಬಜೆಟ್ ಯಂತ್ರ ಕೊಳ್ಳುವವರೇ ಅದರಿಂದ ಹೆಚ್ಚು ಮೋಸಹೋಗುತ್ತಾರೆ.

ಸೆಲೆರಾನ್, ಪೆಂಟಿಯಂ ಹೆಸರುಗಳನ್ನು ಇಂಟೆಲ್ 2023ರಿಂದ ಲ್ಯಾಪ್‌ಟಾಪ್‌ಗಳಲ್ಲಿ ಕೈಬಿಟ್ಟಿದೆ. ಹಳೆ ದಾಸ್ತಾನಿನ ಸೆಲೆರಾನ್ ಎನ್4020 ಇರುವ ಯಂತ್ರಗಳು ಇನ್ನೂ ಕಡಿಮೆ ಬೆಲೆಗೆ ಕಣ್ಣಿಗೆ ಬಿದ್ದರೆ ಅವುಗಳಿಂದ ದೂರವಿರಬೇಕು. ಎರಡು ಕೋರಿನ ಆ ಚಿಪ್ ಇಂದಿನ ಬ್ರೌಸರಿನ ಭಾರವನ್ನೇ ತಾಳಲಾರದು. ಅದರ ಜಾಗಕ್ಕೆ ಬಂದ ನಾಲ್ಕು ಕೋರಿನ ಎನ್100 ಕಡಿಮೆ ವಿದ್ಯುತ್ತಿನಲ್ಲಿ ಮರ್ಯಾದೆಯ ಕೆಲಸ ಮಾಡುತ್ತದೆ. ಒಟ್ಟಾರೆ ಈ ಬೆಲೆಯಲ್ಲಿ ಐ3-1215ಯು, ಐ5-1235ಯು, ರೈಜನ್ 5 5500ಯು ಮತ್ತು 7530ಯು ನಂಬಬಹುದಾದ ಆಯ್ಕೆಗಳು.

ಮೆಮೊರಿ ಮತ್ತು ಸಂಗ್ರಹ

ಮೂರನೆಯ ವರ್ಷದಲ್ಲಿ ಯಂತ್ರ ನಿಧಾನವಾಗಲು ಪ್ರೊಸೆಸರಿಗಿಂತ ಹೆಚ್ಚು ಕಾರಣವಾಗುವುದು ಮೆಮೊರಿ. ವಿಂಡೋಸ್ 11 ತನ್ನ ಕನಿಷ್ಠ ಅಗತ್ಯ 4 ಜಿಬಿ ಎಂದು ಹೇಳಿಕೊಳ್ಳುತ್ತದೆ. ವಾಸ್ತವದಲ್ಲಿ ಅದರ ಬಹುಪಾಲನ್ನು ಅದು ತಾನೇ ನುಂಗುತ್ತದೆ. ಬ್ರೌಸರಿನಲ್ಲಿ ನಾಲ್ಕು ಪುಟ ತೆರೆದರೆ ಉಳಿದದ್ದೂ ಮುಗಿಯುತ್ತದೆ. ಆದ್ದರಿಂದ 4 ಜಿಬಿ ಯಂತ್ರ ಯಾವ ಬೆಲೆಗೂ ಲಾಭದ್ದಲ್ಲ. 8 ಜಿಬಿ ಕನಿಷ್ಠ, 16 ಜಿಬಿ ನೆಮ್ಮದಿ.

ಇಲ್ಲಿ ಕೇಳಲೇಬೇಕಾದ ಪ್ರಶ್ನೆ, ಮುಂದೆ ಮೆಮೊರಿ ಹೆಚ್ಚಿಸಲು ಸ್ಲಾಟ್ ಇದೆಯೇ ಎಂಬುದು. ರೈಜನ್ 3 7320ಯು ಮತ್ತು ರೈಜನ್ 5 7520ಯು ಚಿಪ್ಪುಗಳು ಬೋರ್ಡಿಗೇ ಬೆಸುಗೆ ಹಾಕಿದ ಮೆಮೊರಿಯನ್ನಷ್ಟೇ ಒಪ್ಪುತ್ತವೆ. ಅವುಗಳಲ್ಲಿ 8 ಜಿಬಿ ಕೊಂಡರೆ ಕೊನೆತನಕ 8 ಜಿಬಿಯೇ. ಡೆಲ್ ಇನ್‌ಸ್ಪಿರಾನ್ 3520ರಂಥ ಮಾದರಿಯಲ್ಲಿ ಎರಡು ಸ್ಲಾಟ್‌ಗಳಿವೆ. ಈಗ 8 ಜಿಬಿಗೆ ತೃಪ್ತಿಪಟ್ಟು, ಪ್ರಾಜೆಕ್ಟಿನ ವರ್ಷ ಇನ್ನೊಂದು 8 ಜಿಬಿ ಸೇರಿಸಬಹುದು. ಕೆಲವು ಮಾದರಿಗಳಲ್ಲಿ ಅರ್ಧ ಬೆಸುಗೆ, ಅರ್ಧ ಸ್ಲಾಟ್ ಇರುತ್ತದೆ. 2025ರ ಕೊನೆಯಿಂದ ಮೆಮೊರಿ ಚಿಪ್ಪುಗಳ ಬೆಲೆ ಜಗತ್ತಿನೆಲ್ಲೆಡೆ ಏರಿರುವುದರಿಂದ ಆಮೇಲೆ ಹಾಕಿಸಿದರೆ ಅಗ್ಗ ಎಂಬ ಹಿಂದಿನ ಲೆಕ್ಕವನ್ನು ಮತ್ತೊಮ್ಮೆ ಮಾಡಿ ನೋಡಬೇಕು. ಹೀಗಿದ್ದರೂ ಸ್ಲಾಟ್ ಇರುವ ಯಂತ್ರವೇ ಮೇಲು. ಮೆಮೊರಿ ಕೆಟ್ಟರೆ ಅದನ್ನು ಬಿಚ್ಚಿ ಬದಲಿಸಬಹುದು, ಬೆಸುಗೆಯದಾದರೆ ಬೋರ್ಡನ್ನೇ ಬದಲಿಸಬೇಕಾಗುತ್ತದೆ.

ಸಂಗ್ರಹದ ವಿಷಯದಲ್ಲಿ ಎಚ್ಚರ ವಹಿಸಬೇಕಾದದ್ದು ಇಎಂಎಂಸಿ ಎಂಬ ಹೆಸರಿಗೆ. ಅದು ಫೋನು, ಟ್ಯಾಬ್ಲೆಟ್‌ಗಳ ಜಾತಿಯ ಸಂಗ್ರಹ. ಸೆಕೆಂಡಿಗೆ ಹೆಚ್ಚೆಂದರೆ 300 ಎಂಬಿಯಷ್ಟು ಓದುತ್ತದೆ, ಬೋರ್ಡಿಗೆ ಅಂಟಿಕೊಂಡೇ ಇರುತ್ತದೆ. ಎನ್‌ವಿಎಂಇ ಎಸ್‌ಎಸ್‌ಡಿಯ ವೇಗ ಸಾವಿರಾರು ಎಂಬಿ. ಸಾಮಾನ್ಯವಾಗಿ ಬಿಚ್ಚಿ ಬದಲಿಸಲು ಬರುತ್ತದೆ. 64 ಅಥವಾ 128 ಜಿಬಿ ಇಎಂಎಂಸಿ ಇರುವ ಯಂತ್ರ ವಿಂಡೋಸ್‌ನ ಅಪ್‌ಡೇಟ್‌ಗಳಿಂದಲೇ ತುಂಬಿಹೋಗುತ್ತದೆ. 256 ಜಿಬಿ ಎಸ್‌ಎಸ್‌ಡಿ ಕನಿಷ್ಠವಾದರೆ 512 ಜಿಬಿ ಧಾರಾಳ.

ಪರದೆ, ಬ್ಯಾಟರಿ, ಹಿಂಜ್

1366×768 ಅಳತೆಯ ಪರದೆಯಲ್ಲಿ ಎಕ್ಸೆಲ್ ಹಾಳೆಯ ಸಾಲುಗಳು ಅರ್ಧಕ್ಕೇ ಮುಗಿಯುತ್ತವೆ. 1920×1080 ಇರುವುದನ್ನೇ ಆರಿಸಬೇಕು. ಇದೇ ಬೆಲೆಯಲ್ಲಿ ಟಿಎನ್ ಮತ್ತು ಐಪಿಎಸ್ ಎಂಬ ಎರಡು ಬಗೆ ಸಿಗುತ್ತವೆ. ಟಿಎನ್ ಪರದೆಯನ್ನು ಸ್ವಲ್ಪ ಓರೆಯಿಂದ ನೋಡಿದರೂ ಬಣ್ಣ ಮಾಸುತ್ತದೆ. ಅಂಗಡಿಯಲ್ಲಿ ಮುಚ್ಚಳವನ್ನು ಹಿಂದೆ ಮುಂದೆ ಬಾಗಿಸಿ ನೋಡಿದರೆ ವ್ಯತ್ಯಾಸ ಅಲ್ಲೇ ತಿಳಿಯುತ್ತದೆ. ಬೆಳಕು 220–250 ನಿಟ್ಸ್ ಮಾತ್ರ ಇರುವ ಪರದೆಗಳು ಕೋಣೆಯೊಳಗೆ ಸರಿ, ಜಗಲಿಯಲ್ಲಿ ಕುಳಿತು ಹಗಲು ಓದುವವರಿಗೆ ಸಾಲವು.

ಬ್ಯಾಟರಿಯನ್ನು ಕಂಪನಿ ಹೇಳುವ ಗಂಟೆಗಳಲ್ಲಿ ಅಳೆಯದೆ ವ್ಯಾಟ್-ಅವರ್‌ನಲ್ಲಿ ಅಳೆಯಬೇಕು. 42 ವ್ಯಾಟ್-ಅವರ್ ಬ್ಯಾಟರಿ ಇರುವ ಯಂತ್ರ ಸಾಧಾರಣ ಕೆಲಸಕ್ಕೆ 10 ವ್ಯಾಟ್ ಎಳೆದರೆ ನಾಲ್ಕು ಗಂಟೆಯ ಆಸುಪಾಸು ಬರುತ್ತದೆ. ಜಾಹೀರಾತಿನ ಎಂಟು, ಹತ್ತು ಗಂಟೆ ಮಂದ ಬೆಳಕಿನ ಪ್ರಯೋಗದ ಲೆಕ್ಕ. ಮುನ್ನೂರರಿಂದ ಐನೂರು ಸಲ ಪೂರ್ತಿ ಚಾರ್ಜಾದ ಮೇಲೆ ಲಿಥಿಯಂ ಬ್ಯಾಟರಿ ತನ್ನ ಶಕ್ತಿಯಲ್ಲಿ ಐದನೇ ಒಂದು ಭಾಗದಷ್ಟನ್ನು ಕಳೆದುಕೊಳ್ಳುವುದು ಸಹಜ. ಚಾರ್ಜನ್ನು ಶೇ. 80ಕ್ಕೆ ನಿಲ್ಲಿಸುವ ಸೌಲಭ್ಯ ಹಲವು ಬ್ರಾಂಡ್‌ಗಳಲ್ಲಿದೆ; ಸದಾ ಪ್ಲಗ್ಗಿಗೆ ಹಾಕಿಟ್ಟೇ ಬಳಸುವವರು ಅದನ್ನು ಚಾಲೂ ಮಾಡಿಕೊಳ್ಳಬೇಕು.

ಅಗ್ಗದ ಯಂತ್ರಗಳ ದೇಹದಲ್ಲಿ ಮೊದಲು ಸೋಲುವ ಭಾಗ ಹಿಂಜ್. ಹಿಂಜಿನ ಸ್ಕ್ರೂ ಹಿಡಿದಿರುವ ಹಿತ್ತಾಳೆಯ ಬಳೆಗಳು ಪ್ಲಾಸ್ಟಿಕ್ಕಿನಲ್ಲಿ ಕೂತಿರುತ್ತವೆ. ಮುಚ್ಚಳವನ್ನು ಒಂದೇ ಮೂಲೆ ಹಿಡಿದು ಎತ್ತುವ ಅಭ್ಯಾಸದಿಂದ ಅವು ಕಿತ್ತುಬರುತ್ತವೆ, ಆಮೇಲೆ ಪರದೆಯ ತಂತಿಯೂ ಹರಿಯುತ್ತದೆ. ಹಿಂಜ್ ಅತಿಯಾಗಿ ಬಿಗಿಯಿರುವ ಮಾದರಿಯನ್ನು ಅಂಗಡಿಯಲ್ಲೇ ಬಿಟ್ಟುಬರುವುದು ಒಳ್ಳೆಯದು. ರಾಷ್ಟ್ರೀಯ ಹೆದ್ದಾರಿ 66ರ ತುಂಬಿದ ಬಸ್ಸುಗಳಲ್ಲಿ ಬೈಂದೂರಿನಿಂದ ಕುಂದಾಪುರಕ್ಕೆ, ಬ್ರಹ್ಮಾವರದಿಂದ ಉಡುಪಿಗೆ ದಿನವೂ ಓಡಾಡುವವರ ಬ್ಯಾಗಿನಲ್ಲಿ ಯಂತ್ರದ ಮೇಲೆ ಬೀಳುವ ಒತ್ತಡ ಕಡಿಮೆಯದ್ದಲ್ಲ. ಅಂಥವರಿಗೆ ತೂಕ 1.7 ಕಿಲೊ ಮೀರದಿದ್ದರೆ ಅನುಕೂಲ.

ಉಪ್ಪುಗಾಳಿ, ತೇವ, ಸಿಡಿಲು

ಪತ್ರಿಕೆಗಳ, ವೀಡಿಯೊಗಳ ಲ್ಯಾಪ್‌ಟಾಪ್ ವಿಮರ್ಶೆಗಳು ಬಹುತೇಕ ಬೆಂಗಳೂರು, ದಿಲ್ಲಿಯ ಕೋಣೆಗಳಲ್ಲಿ ಕುಳಿತು ಮಾಡಿದವು. ವರ್ಷಕ್ಕೆ ನಾಲ್ಕು ಸಾವಿರ ಮಿ.ಮೀ. ಆಸುಪಾಸು ಮಳೆ ಬೀಳುವ ಉಡುಪಿ ಜಿಲ್ಲೆಗೆ ಅವು ಪೂರ್ತಿ ಹೊಂದುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಂಚಿನ ಮನೆಗಳಲ್ಲಿ ಪುಸ್ತಕಕ್ಕೂ ಚರ್ಮದ ಚೀಲಕ್ಕೂ ಬೂಷ್ಟು ಹಿಡಿಯುವಷ್ಟು ತೇವ ಇರುತ್ತದೆ. ಕೋಡಿಬೆಂಗ್ರೆ, ಹಂಗಾರಕಟ್ಟೆ, ಗಂಗೊಳ್ಳಿ, ಮರವಂತೆಯಂಥ ಕಡಲಂಚಿನ ಊರುಗಳಲ್ಲಿ ಆ ತೇವದ ಜೊತೆ ಉಪ್ಪೂ ಸೇರುತ್ತದೆ. ಉಪ್ಪಿನ ಕಣ ಗಾಳಿಯ ನೀರನ್ನು ಹೀರಿಕೊಂಡು ಬೋರ್ಡಿನ ತಾಮ್ರದ ಗೆರೆಗಳ ಮೇಲೆ, ಯುಎಸ್‌ಬಿ ಬಾಯಿಗಳಲ್ಲಿ, ಚಾರ್ಜರ್ ಪಿನ್ನಿನಲ್ಲಿ ಹಸಿರು ಕಿಲುಬು ಎಬ್ಬಿಸುತ್ತದೆ.

ಯಂತ್ರವನ್ನು ಜೋಪಾನವಾಗಿ ಕಪಾಟಿನಲ್ಲಿ ಮುಚ್ಚಿಡುವುದು ಮಳೆಗಾಲದಲ್ಲಿ ಮಾಡುವ ದೊಡ್ಡ ತಪ್ಪು. ದಿನಕ್ಕೆ ಒಂದೆರಡು ಗಂಟೆ ಚಾಲೂ ಇರುವ ಲ್ಯಾಪ್‌ಟಾಪ್ ತನ್ನ ಬಿಸಿಯಿಂದಲೇ ಒಳಗಿನ ತೇವವನ್ನು ಓಡಿಸಿಕೊಳ್ಳುತ್ತದೆ. ಬಳಸದಿರುವಾಗ ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಮುಚ್ಚಿದ ಡಬ್ಬದಲ್ಲಿಡಬಹುದು. ಒದ್ದೆಯಾಗಿ ಬಂದ ಬ್ಯಾಗಿನಿಂದ ತೆಗೆದ ಯಂತ್ರವನ್ನು, ಎಸಿ ಕೋಣೆಯಿಂದ ಸೆಕೆಗೆ ತಂದ ಯಂತ್ರವನ್ನು ಅರ್ಧ ಗಂಟೆ ಬಿಟ್ಟೇ ಚಾಲೂ ಮಾಡಬೇಕು. ಮಳೆ ಶುರುವಾದಾಗ ಬೆಚ್ಚಗಿನ ಜಾಗ ಹುಡುಕುವ ಇರುವೆಗಳು ಗಾಳಿಕಿಂಡಿಯಿಂದ ಒಳಗೆ ಗೂಡು ಕಟ್ಟುವುದುಂಟು. ತಿಂಡಿಯ ಚೂರು ಬಿದ್ದ ಮೇಜಿನ ಮೇಲೆ ರಾತ್ರಿಯಿಡೀ ಯಂತ್ರ ಬಿಡಬಾರದು.

ಕರೆಂಟಿನ ಅಪಾಯ ಇದಕ್ಕಿಂತ ದೊಡ್ಡದು. ಏಪ್ರಿಲ್–ಮೇ ತಿಂಗಳ ಮುಂಗಾರುಪೂರ್ವ ಮಳೆಯಲ್ಲೂ ಅಕ್ಟೋಬರಿನ ಹಿಂಗಾರಿನಲ್ಲೂ ಇಲ್ಲಿ ಸಿಡಿಲು ಜೋರು. ತಂತಿಯ ಮೇಲೆ ಬರುವ ಏರುವೋಲ್ಟೇಜು ಮೊದಲು ಚಾರ್ಜರನ್ನು, ಅದನ್ನು ದಾಟಿದರೆ ಬೋರ್ಡನ್ನು ಸುಡುತ್ತದೆ. ಮಾಮೂಲಿ ಎಕ್ಸ್‌ಟೆನ್ಶನ್ ಬೋರ್ಡ್ ಇದನ್ನು ತಡೆಯುವುದಿಲ್ಲ. ಸರ್ಜ್ ತಡೆಯುವ ಗುಣವಿರುವ ಸ್ಪೈಕ್ ಗಾರ್ಡ್ ಬೇಕು, ಅದು ಕೆಲಸ ಮಾಡಲು ಮನೆಯ ಅರ್ಥಿಂಗ್ ಸರಿಯಿರಬೇಕು. ಮೂರು ಪಿನ್ನಿನ ಚಾರ್ಜರನ್ನು ಎರಡು ಪಿನ್ನಿಗೆ ಇಳಿಸುವ ಕನ್ವರ್ಟರ್ ಬಳಸಿದರೆ ಅರ್ಥಿಂಗ್ ತಪ್ಪುತ್ತದೆ. ಲೋಹದ ಮೈಯ ಯಂತ್ರ ಮುಟ್ಟಿದಾಗ ಜುಮ್ ಎನ್ನುವುದು ಹೆಚ್ಚಾಗಿ ಇಂಥ ಕಡೆ. ಗುಡುಗು ಕೇಳಿದೊಡನೆ ಪ್ಲಗ್ ಕಿತ್ತಿಡುವುದೇ ಕೊನೆಯ, ಖರ್ಚಿಲ್ಲದ ರಕ್ಷಣೆ. ರೌಟರಿನಿಂದ ಲ್ಯಾನ್ ಕೇಬಲ್ ಹಾಕಿದ್ದರೆ ಅದನ್ನೂ ಕಿತ್ತಿಡಬೇಕು. ಫೈಬರ್ ತಂತಿಯಲ್ಲಿ ವಿದ್ಯುತ್ ಹರಿಯುವುದಿಲ್ಲ, ಆದರೆ ರೌಟರಿನ ಅಡಾಪ್ಟರ್ ಮೂಲಕ ಬಂದದ್ದು ಲ್ಯಾನ್ ದಾರಿಯಿಂದ ಒಳಹೊಗಬಲ್ಲದು.

ಈ ಕಾರಣಕ್ಕೇ ಯುಎಸ್‌ಬಿ-ಸಿ ಬಾಯಿಯಿಂದ ಚಾರ್ಜಾಗುವ ಮಾದರಿಗೆ ಇಲ್ಲಿ ಹೆಚ್ಚು ಅಂಕ ಕೊಡಬೇಕು. ಚಾರ್ಜರ್ ಸುಟ್ಟ ದಿನ 65 ವ್ಯಾಟಿನ ಬೇರೆ ಪಿಡಿ (ಪವರ್ ಡೆಲಿವರಿ) ಚಾರ್ಜರ್ ಎರವಲು ತಂದು ಪರೀಕ್ಷೆಯ ಓದು ಮುಂದುವರಿಸಬಹುದು. ಯುಎಸ್‌ಬಿ-ಸಿ ಬಾಯಿ ಇದ್ದ ಮಾತ್ರಕ್ಕೆ ಅದರಿಂದ ಚಾರ್ಜ್ ಆಗುತ್ತದೆ ಎಂದಲ್ಲ. ಬಜೆಟ್ ಮಾದರಿಗಳಲ್ಲಿ ಹಲವಕ್ಕೆ ಆ ಬಾಯಿ ಬರೀ ಡೇಟಾಕ್ಕೆ. ಕೊಳ್ಳುವಾಗ ಕೇಳಿ ಖಚಿತಪಡಿಸಿಕೊಳ್ಳಬೇಕು.

ಬೆಂಗಳೂರಿನ ಹಳೆಯದು, ಗಲ್ಫಿನ ಹೊಸತು

ಈ ಭಾಗದ ಮನೆಗಳಿಗೆ ಅಂಗಡಿಯ ಹೊರತಾಗಿ ಇನ್ನೆರಡು ದಾರಿಗಳಿವೆ. ಒಂದು, ಬೆಂಗಳೂರಿನಲ್ಲಿರುವ ನೆಂಟರ ಮೂಲಕ ಬರುವ, ಕಂಪನಿಗಳು ಬಳಸಿ ಬಿಟ್ಟ ಯಂತ್ರಗಳು. ಲೆನೊವೊ ಥಿಂಕ್‌ಪ್ಯಾಡ್ ಟಿ480, ಡೆಲ್ ಲ್ಯಾಟಿಟ್ಯೂಡ್ 5490, ಎಚ್‌ಪಿ ಎಲೀಟ್‌ಬುಕ್ 840 ಜಿ5 ಮುಂತಾದವು ಹೊಸದಾಗಿದ್ದಾಗ ಬಜೆಟ್ ಯಂತ್ರಗಳಿಗಿಂತ ಎಷ್ಟೋ ದುಬಾರಿಯಾಗಿದ್ದವು. ಹಿಂಜ್, ಕೀಬೋರ್ಡ್, ಮೈಕಟ್ಟು ಇಂದಿಗೂ ಅವುಗಳಲ್ಲೇ ಗಟ್ಟಿ. ಮೆಮೊರಿ, ಎಸ್‌ಎಸ್‌ಡಿ, ಬ್ಯಾಟರಿ ಬದಲಿಸಬಹುದು, ಬಿಡಿಭಾಗ ಸುಲಭವಾಗಿ ಸಿಗುತ್ತದೆ.

ಇಲ್ಲಿ ದಾಟಬಾರದ ಗೆರೆ ಒಂದೇ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಇಂಟೆಲ್‌ನ ಎಂಟನೆಯ ತಲೆಮಾರು ಮತ್ತು ನಂತರದ ಪ್ರೊಸೆಸರುಗಳನ್ನೇ, ಬೆರಳೆಣಿಕೆಯ ಅಪವಾದ ಬಿಟ್ಟರೆ, ಅಧಿಕೃತವಾಗಿ ಒಪ್ಪುತ್ತದೆ. ಹೆಚ್ಚಿನ ಟಿ480ಗಳಲ್ಲಿ ಎಂಟನೆಯ ತಲೆಮಾರಿನ ಚಿಪ್ ಇದೆ, ಹಿಂದಿನ ಟಿ470ರಲ್ಲಿ ಇಲ್ಲ. ನೋಡಲು ಅವಳಿಯಂತಿರುವ ಎರಡರಲ್ಲಿ ಒಂದಕ್ಕೆ ಭವಿಷ್ಯವಿದೆ, ಇನ್ನೊಂದು ಲಿನಕ್ಸ್ ಬಲ್ಲವರಿಗಷ್ಟೇ ಸರಿ. ಜೊತೆಗೆ ಬಯೋಸ್ ಪಾಸ್‌ವರ್ಡ್, ಹಳೆ ಕಂಪನಿಯ ನಿಯಂತ್ರಣ ತಂತ್ರಾಂಶ ತೆಗೆದಿದ್ದಾರೆಯೇ ನೋಡಬೇಕು. ವಿಂಡೋಸ್‌ನ ಬ್ಯಾಟರಿ ವರದಿಯಲ್ಲಿ ಮೂಲ ಸಾಮರ್ಥ್ಯ ಮತ್ತು ಈಗಿನ ಸಾಮರ್ಥ್ಯ ಎರಡೂ ಇರುತ್ತವೆ; ಶೇ. 70ಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಕಳೆದೇ ಚೌಕಾಶಿ ಮಾಡಬೇಕು.

ಎರಡನೆಯ ದಾರಿ ಗಲ್ಫಿನದು. ದುಬೈ, ಕತಾರ್, ಕುವೈತಿನಿಂದ ರಜೆಗೆ ಬರುವವರು ತರುವ ಯಂತ್ರ ಕೆಲವೊಮ್ಮೆ ಅಗ್ಗ. ಆದರೆ ಕೀಬೋರ್ಡಿನಲ್ಲಿ ಅರಬ್ಬಿ ಅಕ್ಷರಗಳೂ ಅಚ್ಚಾಗಿರುತ್ತವೆ, ಪ್ಲಗ್ಗಿನ ಪಿನ್ ಚಪ್ಪಟೆ, ವಾರಂಟಿ ಹಲವು ಮಾದರಿಗಳಿಗೆ ಕೊಂಡ ದೇಶಕ್ಕಷ್ಟೇ ಸೀಮಿತ. ಚಾರ್ಜರುಗಳು 100ರಿಂದ 240 ವೋಲ್ಟಿನವರೆಗೆ ಕೆಲಸ ಮಾಡುವುದರಿಂದ ಕರೆಂಟಿನ ತೊಂದರೆಯಿಲ್ಲ. ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂದು ಸೀರಿಯಲ್ ನಂಬರ್ ಹಾಕಿ ಕಂಪನಿಯ ತಾಣದಲ್ಲಿ ನೋಡದೆ ತರಿಸಿದರೆ ಉಳಿದ ಹಣ ಒಂದೇ ರಿಪೇರಿಗೆ ಹೋಗಬಹುದು.

ವಾರಂಟಿ ಮತ್ತು ಕಾನೂನು

ಹೊಸ ಬಜೆಟ್ ಯಂತ್ರಗಳಿಗೆ ಸಾಮಾನ್ಯವಾಗಿ ಒಂದು ವರ್ಷದ ವಾರಂಟಿ. ನೀರು, ಬಿದ್ದ ಪೆಟ್ಟು, ಸಿಡಿಲು, ಏರುವೋಲ್ಟೇಜು, ಕಿಲುಬು ಇದರಲ್ಲಿ ಸೇರುವುದಿಲ್ಲ. ಅಂದರೆ ಕರಾವಳಿಯ ಮುಖ್ಯ ಅಪಾಯಗಳೆಲ್ಲ ಹೊರಗೆ. ಆಕಸ್ಮಿಕ ಹಾನಿಯನ್ನು ಒಳಗೊಳ್ಳುವ ಹೆಚ್ಚುವರಿ ರಕ್ಷಣೆಯನ್ನು ಕೆಲವು ಸಾವಿರಕ್ಕೆ ಕೊಂಡರೆ ಇಲ್ಲಿ ಅದು ದಂಡವಲ್ಲ. ಮನೆಗೇ ಬಂದು ರಿಪೇರಿ ಮಾಡಿಕೊಡುವ ಸೇವೆ ತಮ್ಮ ಪಿನ್‌ಕೋಡಿಗೆ, ಬ್ರಹ್ಮಾವರವಾದರೆ 576213, ಕುಂದಾಪುರವಾದರೆ 576201, ಬೈಂದೂರಾದರೆ 576214, ಅನ್ವಯವಾಗುತ್ತದೆಯೇ ಎಂದು ಮೊದಲೇ ವಿಚಾರಿಸಬೇಕು. ಇಲ್ಲವಾದರೆ ಪ್ರತಿ ಸಲ ಉಡುಪಿ, ಮಣಿಪಾಲ ಅಥವಾ ಮಂಗಳೂರಿಗೆ ಓಡಬೇಕಾಗುತ್ತದೆ. ಬೈಂದೂರಿನಿಂದ ಮಂಗಳೂರಿಗೆ ಹೋಗಿಬರುವುದೆಂದರೆ ಇಡೀ ದಿನದ ಕೆಲಸ.

ಆನ್‌ಲೈನ್ ಹಬ್ಬದ ಮಾರಾಟದಲ್ಲಿ ಬೆಲೆ ಕಡಿಮೆ ಕಾಣುತ್ತದೆ. ಕಾರ್ಡಿನ ರಿಯಾಯಿತಿ, ಇಎಂಐ ಸಂಸ್ಕರಣಾ ಶುಲ್ಕ ಕೂಡಿ ಕಳೆದು ನೋಡಿದಾಗ ಊರಿನ ಅಂಗಡಿಯ ಬೆಲೆಗೂ ಅದಕ್ಕೂ ಅಂತರ ಚಿಕ್ಕದಿದ್ದರೆ ಅಂಗಡಿಯೇ ಮೇಲು: ಪರದೆ, ಹಿಂಜ್, ಕೀಬೋರ್ಡ್ ಮುಟ್ಟಿ ನೋಡಬಹುದು, ತಕರಾರಿದ್ದರೆ ಕೇಳಲು ಒಂದು ಮುಖವಿರುತ್ತದೆ. ಎಲ್ಲಿ ಕೊಂಡರೂ ಶೇ. 18 ಜಿಎಸ್‌ಟಿ ಸೇರಿದ, ಸೀರಿಯಲ್ ನಂಬರ್ ನಮೂದಾದ ಬಿಲ್ಲು ಕಡ್ಡಾಯವಾಗಿ ಪಡೆಯಬೇಕು. ಬಿಲ್ಲಿಲ್ಲದೆ ಕಡಿಮೆಗೆ ಕೊಡುವ ಮಾತು ಕೊಳ್ಳುವವರ ಹಕ್ಕನ್ನೇ ಕಳೆಯುತ್ತದೆ.

2020ರ ಜುಲೈಯಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯಿದೆ 2019ರ ಪ್ರಕಾರ ದೋಷಪೂರಿತ ಸರಕಿನ ವಿರುದ್ಧ ತಾನು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಮಾರಿದವರು ಬೆಂಗಳೂರಿನಲ್ಲಿರಲಿ, ದಿಲ್ಲಿಯಲ್ಲಿರಲಿ. ಐದು ಲಕ್ಷ ರೂಪಾಯಿಯವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ. ಎರಡು ವರ್ಷದ ಒಳಗೆ ದೂರು ಸಲ್ಲಿಸಬೇಕು. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದರೆ ಎಷ್ಟೋ ತಕರಾರು ಅಲ್ಲೇ ತೀರುತ್ತದೆ.

ತೀರ್ಮಾನ

ಬೆಲೆಯನ್ನು ವರ್ಷಕ್ಕೆ ಭಾಗಿಸಿ ನೋಡಿದಾಗ ಅಗ್ಗ ಯಾವುದು, ದುಬಾರಿ ಯಾವುದು ಎಂಬುದು ಬದಲಾಗುತ್ತದೆ. 4 ಜಿಬಿ, ಇಎಂಎಂಸಿ ಇರುವ 22 ಸಾವಿರದ ಯಂತ್ರ ಎರಡೇ ವರ್ಷಕ್ಕೆ ಸುಸ್ತಾದರೆ ವರ್ಷಕ್ಕೆ 11 ಸಾವಿರ ಬಿತ್ತು. ಸ್ಲಾಟ್ ಮತ್ತು ಎಸ್‌ಎಸ್‌ಡಿ ಇರುವ 40 ಸಾವಿರದ್ದು ಐದು ವರ್ಷ ನಡೆದರೆ ವರ್ಷಕ್ಕೆ ಎಂಟೇ ಸಾವಿರ.

ಹೀಗಾಗಿ ಮೂರು ತಾಲೂಕುಗಳ ಸಾಮಾನ್ಯ ಪದವಿ ವಿದ್ಯಾರ್ಥಿಗೆ ಹೊಂದುವುದು ಆರು ಕೋರಿನ ಐ3 ಅಥವಾ ರೈಜನ್ 5, 8 ಜಿಬಿ ಮೆಮೊರಿ ಜೊತೆಗೆ ಖಾಲಿ ಸ್ಲಾಟ್, 512 ಜಿಬಿ ಎಸ್‌ಎಸ್‌ಡಿ, 1920×1080 ಪರದೆ ಇರುವ ಹೊಸ ಯಂತ್ರ. ಬಿ.ಸಿ.ಎ., ಎಂಜಿನಿಯರಿಂಗ್ ಓದುವವರು ಮೊದಲ ದಿನದಿಂದಲೇ 16 ಜಿಬಿ ನೋಡಬೇಕು. 25 ಸಾವಿರಕ್ಕಿಂತ ಹೆಚ್ಚು ಹಾಕಲು ಆಗದವರಿಗೆ ಹೊಸ ಸೆಲೆರಾನ್ ಯಂತ್ರಕ್ಕಿಂತ ಬಿಲ್ಲಿರುವ, ಎಂಟನೆಯ ತಲೆಮಾರಿನ ಅಥವಾ ನಂತರದ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್ ಒಳ್ಳೆಯದು. ಯಾವುದನ್ನು ಕೊಂಡರೂ ಸರ್ಜ್ ತಡೆಯುವ ಸ್ಪೈಕ್ ಗಾರ್ಡನ್ನು ಅದೇ ದಿನ ಕೊಂಡು, ಮನೆಯ ಅರ್ಥಿಂಗನ್ನು ಎಲೆಕ್ಟ್ರಿಷಿಯನ್‌ಗೆ ತೋರಿಸಿಕೊಳ್ಳಬೇಕು.